ಲಿವರ್ ಡಯಟ್ ಒಳ್ಳೆಯದೇ, ಆದರೆ ನಾಯಿಯ ಲಿವರ್‌ಗೆ ಏನಾಗಿದೆ ಅಂತ ಮೊದಲು ತಿಳಿದುಕೊಳ್ಳಿ

ನಾಯಿಗಳ ಲಿವರ್ ತೊಂದರೆಗೆ ಅಂತಲೇ ತಯಾರಾಗುವ, ಡಾಕ್ಟರ್ ಹೇಳಿದರೆ ಮಾತ್ರ ಕೊಡಬೇಕಾದ ಆಹಾರದ ಬಗ್ಗೆ ಬರೆಯುತ್ತಿದ್ದೇನೆ. ರಾಯಲ್ ಕ್ಯಾನಿನ್‌ನ ಹೆಪಾಟಿಕ್, ಹಿಲ್ಸ್‌ನ ಎಲ್/ಡಿ, ಇವೆರಡು ಜಾಸ್ತಿ ಜನಕ್ಕೆ ಗೊತ್ತಿರುವ ಹೆಸರುಗಳು. ನಮ್ಮ ಲ್ಯಾಬ್ರಡಾರ್ ಚಿನ್ನಿಗೆ ಈಗ ಇಂಥದ್ದೇ ಊಟ. ಚೆನ್ನಾಗಿದ್ದಾಳೆ, ತೂಕ ಬಂದಿದೆ, ಮೈ ಹೊಳೆಯುತ್ತಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚಿನ್ನಿಯಂಥ ನಾಯಿಗೆ ಈ ಆಹಾರ ಬೇಕೇ ಬೇಕು, ಇದರ ಜಾಗಕ್ಕೆ ಮಾಮೂಲಿ ಡಾಗ್ ಫುಡ್ ಯಾವುದೂ ಬರುವುದಿಲ್ಲ. ಆದರೆ ಬ್ಲಡ್ ಟೆಸ್ಟ್‌ನಲ್ಲಿ ಲಿವರ್ ಅಂಕಿ ಸ್ವಲ್ಪ ಏರಿದೆ ಅಂದ ಕೂಡಲೇ ಹೋಗಿ ಚೀಲ ತರುವ ಆಹಾರ ಇದಲ್ಲ. ಯಾಕೆಂದರೆ ಈ ಒಂದೇ ಚೀಲದಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳ ಪಥ್ಯ ಸೇರಿದೆ. ಒಂದು, ಲಿವರ್‌ನಲ್ಲಿ ತಾಮ್ರ ತುಂಬಿಕೊಳ್ಳುವ ಕಾಯಿಲೆಗೆ ತಾಮ್ರ ಕಮ್ಮಿ. ಇನ್ನೊಂದು, ಲಿವರ್ ಅಮೋನಿಯಾ ಸೋಸಲಾಗದ ಸ್ಥಿತಿಗೆ ಪ್ರೋಟೀನ್ ಕಮ್ಮಿ. ಲಿವರ್ ಕಾಯಿಲೆ ಇರುವ ಎಲ್ಲ ನಾಯಿಗೂ ಇವೆರಡೂ ಬೇಕಾಗಿಲ್ಲ, ಕೆಲವಕ್ಕೆ ಎರಡೂ ಬೇಡ.

ಹಾಗಾಗಿ ಊಟದ ಮಾತಿಗೆ ಮುಂಚೆ ಪರೀಕ್ಷೆಯ ಮಾತು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಲಿವರ್ ಕೆಟ್ಟ ನಾಯಿ ಮೊದಲು ತೋರಿಸುವ ಲಕ್ಷಣಗಳಿಂದ ಏನೂ ಗೊತ್ತಾಗುವುದಿಲ್ಲ. ಊಟ ಅಷ್ಟಕ್ಕಷ್ಟೇ, ಆಗಾಗ ವಾಂತಿ, ನೀರು ಕುಡಿಯುವುದು ಜಾಸ್ತಿ, ಆಟದಲ್ಲಿ ಉಮೇದಿಲ್ಲ. ಇದನ್ನು ನೋಡಿ ಯಾರೂ ಲಿವರ್ ಅನ್ನುವುದಿಲ್ಲ. ಕಣ್ಣು, ಒಸಡು ಹಳದಿಯಾಗುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ನಾಯಿ ಮಂಕಾಗಿ ಗೋಡೆಗೆ ತಲೆ ಒತ್ತಿ ನಿಲ್ಲುವುದು, ಇವು ಬರುವ ಹೊತ್ತಿಗೆ ಸಾಮಾನ್ಯವಾಗಿ ಕಾಯಿಲೆ ತುಂಬಾ ಮುಂದೆ ಹೋಗಿರುತ್ತದೆ. ಹಾಗಾಗಿ ಬಹಳ ಮಂದಿಗೆ ವಿಷಯ ಗೊತ್ತಾಗುವುದೇ ಬೇರೆ ಯಾವುದಕ್ಕೋ ಮಾಡಿಸಿದ ಬ್ಲಡ್ ಟೆಸ್ಟ್‌ನಿಂದ. ನಮಗೂ ಹಾಗೇ.

ರಿಪೋರ್ಟ್‌ನಲ್ಲಿ ಎಎಲ್‌ಟಿ, ಎಎಲ್‌ಪಿ ಅಂತ ಎರಡು ಅಂಕಿ ಇರುತ್ತವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎಎಲ್‌ಟಿ ಲಿವರ್ ಜೀವಕೋಶದ ಒಳಗಿರುವ ಕಿಣ್ವ, ಕೋಶ ಒಡೆದರೆ ಅಥವಾ ಸೋರಿದರೆ ರಕ್ತಕ್ಕೆ ಬರುತ್ತದೆ. ಎಎಲ್‌ಪಿ ಹಾಗಲ್ಲ. ನಾಯಿಗಳಲ್ಲಿ ಸ್ಟೀರಾಯ್ಡ್ ಕೊಟ್ಟರೂ ಏರುತ್ತದೆ, ಕಿವಿಗೆ ಹಾಕುವ ಡ್ರಾಪ್ಸ್‌ನಲ್ಲಿ, ಚರ್ಮಕ್ಕೆ ಹಚ್ಚುವ ಮುಲಾಮಿನಲ್ಲಿ ಸ್ಟೀರಾಯ್ಡ್ ಇದ್ದರೂ ಏರಬಹುದು. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಲ್‌ನಿಂದ ಏರುತ್ತದೆ. ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನ್ ಜಾಸ್ತಿಯಾಗುವ ಕುಶಿಂಗ್ ಕಾಯಿಲೆಯಲ್ಲಿ ಏರುತ್ತದೆ. ಬೆಳೆಯುವ ಮರಿಗಳಲ್ಲಿ ಮೂಳೆಯಿಂದಲೇ ಬರುತ್ತದೆ. ಬರೀ ಎಎಲ್‌ಪಿ ಜಾಸ್ತಿ ಇದೆ, ನಾಯಿ ಗಟ್ಟಿಮುಟ್ಟಾಗಿದೆ ಅಂದರೆ ಲಿವರ್ ಕಾಯಿಲೆ ಅಂತ ತೀರ್ಮಾನಿಸಲು ಆಗುವುದಿಲ್ಲ.

ಇನ್ನೊಂದು ಮುಖ್ಯ ಮಾತು. ಈ ಕಿಣ್ವಗಳು ಲಿವರ್‌ಗೆ ಪೆಟ್ಟಾಗಿದೆಯಾ ಅಂತ ಹೇಳುತ್ತವೆ, ಲಿವರ್ ಕೆಲಸ ಮಾಡುತ್ತಿದೆಯಾ ಅಂತ ಹೇಳುವುದಿಲ್ಲ. ಪೂರ್ತಿ ಗಟ್ಟಿಯಾಗಿ ಕುಗ್ಗಿಹೋದ ಲಿವರ್‌ನಲ್ಲಿ ಒಡೆಯಲು ಕೋಶಗಳೇ ಉಳಿದಿರುವುದಿಲ್ಲ, ಆಗ ಎಎಲ್‌ಟಿ ನಾರ್ಮಲ್ ಬರಬಹುದು. ಕೆಲಸದ ವಿಷಯ ತಿಳಿಯಬೇಕಾದರೆ ಅದೇ ರಿಪೋರ್ಟ್‌ನ ಬೇರೆ ಸಾಲುಗಳನ್ನು ನೋಡಬೇಕು: ಆಲ್ಬುಮಿನ್, ಯೂರಿಯಾ, ಸಕ್ಕರೆ, ಕೊಲೆಸ್ಟ್ರಾಲ್, ಬಿಲಿರುಬಿನ್. ಮೊದಲ ನಾಲ್ಕೂ ಒಟ್ಟಿಗೆ ಇಳಿದಿವೆ ಅಂದರೆ ಲಿವರ್ ಸೋಲುತ್ತಿದೆ ಅಂತ ಅನುಮಾನ ಬಲವಾಗುತ್ತದೆ. ಡಾಕ್ಟರ್ ಹತ್ತಿರ ಕೂತಾಗ ಈ ಸಾಲುಗಳನ್ನು ಬೆರಳಿಟ್ಟು ಕೇಳಿ.

ಆಮೇಲೆ ಪಿತ್ತಾಮ್ಲದ ಟೆಸ್ಟ್, ಅಂದರೆ ಬೈಲ್ ಆಸಿಡ್ ಟೆಸ್ಟ್. ನಾಯಿಯನ್ನು ಸುಮಾರು 12 ಗಂಟೆ ಖಾಲಿ ಹೊಟ್ಟೆಯಲ್ಲಿ ಇಟ್ಟು ಒಮ್ಮೆ ರಕ್ತ ತೆಗೆಯುತ್ತಾರೆ, ಸ್ವಲ್ಪ ಊಟ ಕೊಟ್ಟು 2 ಗಂಟೆ ಬಿಟ್ಟು ಇನ್ನೊಮ್ಮೆ ತೆಗೆಯುತ್ತಾರೆ. ಊಟದ ಜೊತೆ ಕರುಳಿಗೆ ಹೋದ ಪಿತ್ತಾಮ್ಲವನ್ನು ಒಳ್ಳೆಯ ಲಿವರ್ ರಕ್ತದಿಂದ ಬೇಗ ವಾಪಸ್ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳಲು ಆಗದಿದ್ದರೆ, ಅಥವಾ ಹುಟ್ಟಿನಿಂದಲೇ ರಕ್ತ ಲಿವರ್ ತಪ್ಪಿಸಿ ಹೋಗುವ ಶಂಟ್ ಇದ್ದರೆ, ಎರಡನೇ ಅಂಕಿ ಮೇಲಕ್ಕೆ ಹೋಗುತ್ತದೆ. ಸರಳ, ಉಪಯೋಗದ ಟೆಸ್ಟ್. ಆದರೆ ಕಾಮಾಲೆ ಆಗಲೇ ಕಾಣಿಸುತ್ತಿದ್ದರೆ ಇದರಿಂದ ಹೊಸದಾಗಿ ಏನೂ ತಿಳಿಯುವುದಿಲ್ಲ, ಸುಮ್ನೆ ಮಾಡಿಸಬೇಡಿ.

ಹೊಟ್ಟೆಯ ಸ್ಕ್ಯಾನಿಂಗ್ ಮಾತ್ರ ಮಾಡಿಸಲೇಬೇಕು. ಲಿವರ್ ದೊಡ್ಡದಾಗಿದೆಯಾ, ಕುಗ್ಗಿದೆಯಾ, ಗಂಟುಗಳಿವೆಯಾ ಅಂತ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಪಿತ್ತಕೋಶ ಕಾಣುತ್ತದೆ. ಅದರೊಳಗೆ ಗಟ್ಟಿ ಲೋಳೆ ತುಂಬಿಕೊಳ್ಳುವ ಮ್ಯೂಕೋಸೀಲ್ ಅನ್ನುವ ತೊಂದರೆ ಇದ್ದರೆ ಪಿತ್ತಕೋಶ ಒಡೆಯುವ ಅಪಾಯ ಇರುತ್ತದೆ, ಅಲ್ಲಿ ಬೇಕಾಗುವುದು ಆಪರೇಷನ್. ಅಂಥ ನಾಯಿಗೆ ಲಿವರ್ ಡಯಟ್ ಹಾಕುತ್ತಾ ಕಾದು ಕೂತರೆ ಏನಾಗಬಹುದು ಯೋಚಿಸಿ.

ಡಾಕ್ಟರ್ ಕೇಳುವ ಮುಂಚೆ ನಾವೇ ಒಂದು ಪಟ್ಟಿ ಮನಸ್ಸಿನಲ್ಲಿ ಮಾಡಿಕೊಂಡು ಹೋಗಬೇಕು. ನೋವಿನ ಮಾತ್ರೆ ಏನಾದರೂ ಕೊಟ್ಟಿದ್ದೆವಾ? ಪ್ಯಾರಾಸಿಟಮಾಲ್ ಹೊಟ್ಟೆಗೆ ಹೋಗಿದೆಯಾ? ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್? ಅಂಗಳದ ಅಲಂಕಾರದ ಸೈಕಾಡ್ ಗಿಡದ ಬೀಜ? ಬೂಷ್ಟು ಹಿಡಿದ ಕಾಳು, ಹಳೆಯ ಡಾಗ್ ಫುಡ್? ಬೂಷ್ಟಿನ ಅಫ್ಲಾಟಾಕ್ಸಿನ್ ಲಿವರ್‌ಗೆ ನೇರವಾಗಿ ವಿಷ. ಇಲಿ ಮೂತ್ರದಿಂದ ಬರುವ ಲೆಪ್ಟೋಸ್ಪೈರೋಸಿಸ್‌ ಕೂಡ ಲಿವರ್ ಮತ್ತು ಕಿಡ್ನಿ ಎರಡನ್ನೂ ಹಿಡಿಯುತ್ತದೆ, ಅದಕ್ಕೆ ಆಂಟಿಬಯೋಟಿಕ್ ಬೇಕು, ಮನುಷ್ಯರಿಗೂ ಅಂಟುತ್ತದೆ. ಇದ್ಯಾವುದೂ ಊಟ ಬದಲಿಸಿದರೆ ವಾಸಿಯಾಗುವುದಲ್ಲ.

ಇದೆಲ್ಲ ಆದ ಮೇಲೂ ಎಎಲ್‌ಟಿ ಇಳಿಯದಿದ್ದರೆ ಬಯಾಪ್ಸಿ, ಅಂದರೆ ಲಿವರ್‌ನ ತುಣುಕು ತೆಗೆದು ಪರೀಕ್ಷಿಸುವ ಮಾತು ಬರುತ್ತದೆ. ಮನಸ್ಸು ಒಪ್ಪುವುದಿಲ್ಲ, ನನಗೆ ಗೊತ್ತು. ಅರಿವಳಿಕೆ, ರಕ್ತಸ್ರಾವದ ಭಯ. ರಕ್ತ ಹೆಪ್ಪುಗಟ್ಟಿಸುವ ಪದಾರ್ಥಗಳನ್ನು ಲಿವರ್‌ನೇ ತಯಾರಿಸುವುದರಿಂದ ಮೊದಲು ಅದರ ಟೆಸ್ಟ್ ಮಾಡಿಯೇ ಮುಂದುವರಿಯುತ್ತಾರೆ. ನಮ್ಮ ಡಾಕ್ಟರ್ ಒತ್ತಿ ಹೇಳಿದ್ದು ಒಂದೇ: ಸೂಜಿಯಲ್ಲಿ ತೆಗೆದ ನಾಲ್ಕು ಕೋಶಗಳಲ್ಲಿ ಹೆಪಟೈಟಿಸ್ (ಲಿವರ್‌ನ ಉರಿಯೂತ) ಸರಿಯಾಗಿ ತಿಳಿಯುವುದಿಲ್ಲ, ತುಣುಕೇ ಬೇಕು, ಮತ್ತು ಆ ತುಣುಕಿನಲ್ಲಿ ತಾಮ್ರ ಎಷ್ಟಿದೆ ಅಂತ ಅಳೆಯಲು ಬೇರೆಯಾಗಿ ಬರೆದು ಕಳಿಸಬೇಕು. ಈ ಎರಡನೆಯದನ್ನು ನೆನಪಿಟ್ಟು ಕೇಳಿ. ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡುವುದು ಬೇರೆ, ಅಳತೆ ಬೇರೆ. ಒಣಗಿಸಿದ ಒಂದು ಗ್ರಾಂ ಲಿವರ್‌ನಲ್ಲಿ 400 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯ ಅಂತ ಲೆಕ್ಕ. 1000 ದಾಟಿದರೆ, ಉರಿಯೂತವೂ ಜೊತೆಗಿದ್ದರೆ, ತಾಮ್ರವೇ ಕಾರಣ ಅಂತ ಚಿಕಿತ್ಸೆ ಶುರು ಮಾಡುತ್ತಾರೆ.

ಚಿನ್ನಿಗೆ ಬಂದದ್ದು ಈ ತಾಮ್ರದ ಕಾಯಿಲೆಯೇ. ಲ್ಯಾಬ್ರಡಾರ್‌ಗಳಲ್ಲಿ, ಅದರಲ್ಲೂ ಹೆಣ್ಣುಗಳಲ್ಲಿ, ಇದು ಜಾಸ್ತಿ. ಬೆಡ್ಲಿಂಗ್ಟನ್ ಟೆರಿಯರ್‌ಗಳಲ್ಲಿ ಬಹಳ ಹಿಂದೆಯೇ ಗೊತ್ತಾಗಿದ್ದ ಕಾಯಿಲೆ, ಅವಕ್ಕೆ ಕಾಮ್‌ಡಿ1 ಅನ್ನುವ ಜೀನ್‌ನ ದೋಷ. ಲ್ಯಾಬ್ರಡಾರ್‌ಗಳಲ್ಲಿ ಎಟಿಪಿ7ಬಿ ಜೀನ್‌ನ ಒಂದು ಬದಲಾವಣೆ ಲಿವರ್‌ನಲ್ಲಿ ತಾಮ್ರ ಸೇರಿಕೊಳ್ಳುವುದಕ್ಕೆ ದಾರಿ ಮಾಡುತ್ತದೆ, ಎಟಿಪಿ7ಎ ಜೀನ್‌ನ ಇನ್ನೊಂದು ಬದಲಾವಣೆ ಒಂದಷ್ಟು ರಕ್ಷಣೆ ಕೊಡುತ್ತದೆ ಅಂತ ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ಸಂಶೋಧಕರು 2016ರಲ್ಲಿ ತೋರಿಸಿದರು. ಡಾಬರ್‌ಮನ್, ಡಾಲ್ಮೇಷಿಯನ್, ವೆಸ್ಟ್ ಹೈಲ್ಯಾಂಡ್ ಟೆರಿಯರ್ ಸಾಕಿರುವವರೂ ಈ ವಿಷಯ ತಿಳಿದಿರಬೇಕು.

ಈಗ ಆಹಾರಕ್ಕೆ ಬರೋಣ.

ತಾಮ್ರದ ಕಾಯಿಲೆ ಇರುವ ನಾಯಿಗೆ 100 ಕಿಲೋ ಕ್ಯಾಲರಿ ಊಟದಲ್ಲಿ ತಾಮ್ರ 0.12 ಮಿಲಿಗ್ರಾಂ ಮೀರಬಾರದು ಅಂತ ತಜ್ಞರ ಸಲಹೆ. ಪ್ರಾಣಿಗಳ ಆಹಾರಕ್ಕೆ ಮಟ್ಟ ಗೊತ್ತುಮಾಡುವ ಅಮೆರಿಕದ ಆಫ್ಕೋ ಸಂಸ್ಥೆ ಮಾಮೂಲಿ ಡಾಗ್ ಫುಡ್‌ಗೆ ಹೇಳುವ ಕನಿಷ್ಠ ಮಿತಿಯೇ 1000 ಕಿಲೋ ಕ್ಯಾಲರಿಗೆ 1.83 ಮಿಲಿಗ್ರಾಂ, ಅಂದರೆ 100ಕ್ಕೆ ಸುಮಾರು 0.18. ಲೆಕ್ಕ ಹಾಕಿ ನೋಡಿ. ನಿಯಮ ಪಾಲಿಸುವ ಮಾಮೂಲಿ ಆಹಾರ ಎಷ್ಟೇ ದುಬಾರಿಯಾದರೂ, ಎಷ್ಟೇ ಒಳ್ಳೆಯದಾದರೂ, ಈ ನಾಯಿಗೆ ಹೆಚ್ಚೇ. ಜೊತೆಗೆ 1997ರಲ್ಲಿ ಆಫ್ಕೋ, ಕಾಪರ್ ಆಕ್ಸೈಡ್ ನಾಯಿಯ ಮೈಗೆ ಹತ್ತುವುದಿಲ್ಲ, ಅದನ್ನು ತಾಮ್ರದ ಲೆಕ್ಕಕ್ಕೆ ಹಿಡಿಯಬೇಡಿ ಅಂತ ಹೇಳಿತು. ಆಮೇಲೆ ಕಂಪನಿಗಳು ಚೆನ್ನಾಗಿ ಹೀರಿಕೊಳ್ಳುವ ಕಾಪರ್ ಸಲ್ಫೇಟ್, ಚೀಲೇಟ್‌ಗಳಿಗೆ ಬದಲಾದವು. ನಾಯಿಗಳ ಲಿವರ್‌ನಲ್ಲಿ ತಾಮ್ರ ಏರಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಲಿವರ್ ತಜ್ಞರಲ್ಲಿ ಹಲವರು ಗಟ್ಟಿಯಾಗಿ ಹೇಳುತ್ತಿದ್ದಾರೆ. ನನಗೂ ಅವರ ವಾದ ಸರಿ ಅನ್ನಿಸುತ್ತದೆ.

ಇಲ್ಲಿ ಲಿವರ್ ಡಯಟ್‌ಗಳು ನಿಜವಾಗಿಯೂ ಗೆಲ್ಲುತ್ತವೆ. ತಾಮ್ರ ಇಳಿಸಿದ್ದಾರೆ, ಸತು ಚೆನ್ನಾಗಿ ಸೇರಿಸಿದ್ದಾರೆ. ಸತು ಕರುಳಿನಲ್ಲೇ ತಾಮ್ರವನ್ನು ಹಿಡಿದಿಟ್ಟು ರಕ್ತಕ್ಕೆ ಹೋಗದ ಹಾಗೆ ಮಾಡುತ್ತದೆ. ಪ್ರೋಟೀನ್‌ಗೆ ಮಾಂಸದ ಬದಲು ಮುಖ್ಯವಾಗಿ ಸೋಯಾ, ಮೊಟ್ಟೆಯಂಥವನ್ನು ಬಳಸುತ್ತಾರೆ. ಯುಟ್ರೆಕ್ಟ್‌ನವರೇ ಲ್ಯಾಬ್ರಡಾರ್‌ಗಳಿಗೆ ಇಂಥ ಆಹಾರ ಕೊಟ್ಟು ನೋಡಿ, ಲಿವರ್‌ನ ತಾಮ್ರ ಇಳಿಯುತ್ತದೆ ಅಂತ ತೋರಿಸಿದ್ದಾರೆ. ಆದರೆ ಊಟದಿಂದ ಇಳಿಯುವುದು ನಿಧಾನ. ಜಾಸ್ತಿ ತುಂಬಿಕೊಂಡಿದ್ದರೆ ಮೊದಲು ಪೆನಿಸಿಲಮೈನ್ ಮಾತ್ರೆ ತಿಂಗಳುಗಟ್ಟಲೆ ಕೊಟ್ಟು ತಾಮ್ರವನ್ನು ಮೂತ್ರದಲ್ಲಿ ಹೊರಗೆ ಹಾಕಿಸಬೇಕು. ಆಹಾರದ ಕೆಲಸ ಮತ್ತೆ ತುಂಬದ ಹಾಗೆ ನೋಡಿಕೊಳ್ಳುವುದು.

ಚೀಲದ ಊಟ ಹಾಕಿ ಮೇಲಿಂದ ಲಿವರ್ ಟ್ರೀಟ್ ಕೊಟ್ಟರೆ ಎಲ್ಲ ವ್ಯರ್ಥ. ಕುರಿ, ದನದ ಲಿವರ್‌ನಲ್ಲಿ ತಾಮ್ರ ತುಂಬಾ ಇರುತ್ತದೆ. ಸಿಗಡಿ, ಏಡಿಯಂಥವು, ಅಣಬೆ, ಬೀಜಗಳು ಕೂಡ ಬೇಡ. ವಿಟಮಿನ್ ಮಾತ್ರೆ ಕೊಡುತ್ತಿದ್ದರೆ ಅದರಲ್ಲಿ ತಾಮ್ರ ಇದೆಯಾ ಅಂತ ಓದಿ. ಮನೆಯಲ್ಲಿ ತಾಮ್ರದ ಪೈಪ್ ಇದ್ದರೆ ಬೆಳಗ್ಗೆ ಮೊದಲು ಬರುವ ನೀರನ್ನು ಸ್ವಲ್ಪ ಹೊತ್ತು ಹರಿಯಲು ಬಿಟ್ಟು ಆಮೇಲೆ ಹಿಡಿಯಿರಿ. ತಾಮ್ರದ ಪಾತ್ರೆಯಲ್ಲಿ ಇಟ್ಟ ನೀರಂತೂ ಕೊಡಲೇಬೇಡಿ.

ನನ್ನ ದೊಡ್ಡ ತಕರಾರು ಪ್ರೋಟೀನ್ ಬಗ್ಗೆ.

ಲಿವರ್ ಕಾಯಿಲೆ ಅಂದರೆ ಪ್ರೋಟೀನ್ ಬಿಡಿಸಬೇಕು ಅನ್ನುವುದು ಹಳೆಯ ನಂಬಿಕೆ. ಅದು ಬೇಕಾಗುವುದು ಮುಖ್ಯವಾಗಿ ಒಂದು ಸ್ಥಿತಿಯಲ್ಲಿ, ಲಿವರ್ ಅಮೋನಿಯಾವನ್ನು ಸೋಸಲಾಗದೆ ಅದು ಮೆದುಳಿಗೆ ಏರಿ ನಾಯಿ ಮಂಕಾದಾಗ. ಇದಕ್ಕೆ ಹೆಪಾಟಿಕ್ ಎನ್ಸೆಫಲೋಪತಿ ಅನ್ನುತ್ತಾರೆ, ಶಂಟ್ ಇರುವ ಮರಿಗಳಲ್ಲಿ ಹೆಚ್ಚು. ಅಲ್ಲಿ ಅಮೋನಿಯಾ ಇಳಿಸುವ ಲ್ಯಾಕ್ಟುಲೋಸ್ ಸಿರಪ್ ಜೊತೆಗೆ ಈ ಆಹಾರ ಸರಿಯಾದ ಜೋಡಿ. ಆದರೆ ಹೆಪಟೈಟಿಸ್ ಇದ್ದು ಅಂಥ ಲಕ್ಷಣ ಇಲ್ಲದ ನಾಯಿಗೆ ಪ್ರೋಟೀನ್ ಬೇಕು. ಲಿವರ್ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲು ಬೇಕು, ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ತಯಾರಿಸಲು ಬೇಕು. ಇನ್ನೊಂದು ವಿಷಯ ಇದೆ. ಅಮೋನಿಯಾ ತೆಗೆಯುವ ಕೆಲಸದಲ್ಲಿ ಮಾಂಸಖಂಡಗಳಿಗೂ ಪಾಲಿದೆ. ಪ್ರೋಟೀನ್ ಕಡಿಮೆ ಮಾಡಿ ನಾಯಿಯ ತೊಡೆ, ಬೆನ್ನು ಕರಗಿಹೋದರೆ ಅಮೋನಿಯಾದ ತೊಂದರೆ ಇನ್ನೂ ಬೇಗ ಬರುತ್ತದೆ.

ಚಿನ್ನಿಗೆ ಮೊದಲು ಬರೀ ಈ ಆಹಾರ ಕೊಟ್ಟಾಗ ಬೆನ್ನಿನ ಎರಡೂ ಕಡೆ ಮಾಂಸ ಇಳಿಯಿತು. ಡಾಕ್ಟರ್ ಕೈಯಿಂದ ಮುಟ್ಟಿ ನೋಡಿ, ತಾಮ್ರ ಕಮ್ಮಿ ಇರುವ ಪ್ರೋಟೀನ್ ಸೇರಿಸಿ ಅಂದರು. ಮೊಟ್ಟೆಯ ಬಿಳಿಭಾಗ, ಉಪ್ಪಿಲ್ಲದ ಕಾಟೇಜ್ ಚೀಸ್. ಎಷ್ಟು ಅನ್ನುವುದನ್ನು ತೂಕ ನೋಡಿ ಅವರೇ ಬರೆದುಕೊಟ್ಟರು. ಕೆಲವು ವಾರಗಳಲ್ಲಿ ಬೆನ್ನು ತುಂಬಿಕೊಂಡಿತು. ತಾಮ್ರ ಕಮ್ಮಿ, ಪ್ರೋಟೀನ್ ಸಾಕಷ್ಟು, ಇಂಥ ಒಂದು ಚೀಲವನ್ನು ಎಲ್ಲ ಕಡೆ ಸುಲಭವಾಗಿ ಸಿಗುವ ಹಾಗೆ ಕಂಪನಿಗಳು ಮಾಡಬೇಕು ಅಂತ ನನ್ನ ಆಸೆ.

ಕೊಬ್ಬು ಇದರಲ್ಲಿ ಜಾಸ್ತಿ. ಊಟ ಕಡಿಮೆ ಮಾಡುವ ನಾಯಿಗೆ ಸ್ವಲ್ಪದರಲ್ಲೇ ಶಕ್ತಿ ಸಿಗಲಿ ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ, ಒಳ್ಳೆಯ ಯೋಚನೆ. ಆದರೆ ಪ್ಯಾಂಕ್ರಿಯಾಟೈಟಿಸ್ (ಮೇದೋಜ್ಜೀರಕದ ಉರಿಯೂತ) ಬಂದಿದ್ದ ನಾಯಿಗೆ, ರಕ್ತದಲ್ಲಿ ಕೊಬ್ಬು ಜಾಸ್ತಿ ಇರುವ ನಾಯಿಗೆ ಹಾಕುವ ಮುಂಚೆ ಡಾಕ್ಟರ್‌ಗೆ ಹೇಳಲೇಬೇಕು.

ರುಚಿ ಬಗ್ಗೆ. ಒಣ ಕಾಳು ಚಿನ್ನಿ ಸುಮಾರಾಗಿ ತಿನ್ನುತ್ತಾಳೆ, ಡಬ್ಬಿಯದ್ದು ಇಷ್ಟಪಟ್ಟು ತಿನ್ನುತ್ತಾಳೆ. ಎರಡನ್ನೂ ಬೆರೆಸಿ, ಸ್ವಲ್ಪ ಬಿಸಿನೀರು ಹಾಕಿ ಕೈಗೆ ಬೆಚ್ಚಗೆ ಅನ್ನಿಸುವ ಹದದಲ್ಲಿ ಕೊಟ್ಟರೆ ವಾಸನೆ ಏಳುತ್ತದೆ, ತಟ್ಟೆ ಖಾಲಿ. ಹಳೆಯ ಊಟದಿಂದ ಇದಕ್ಕೆ 7ರಿಂದ 10 ದಿನ ತೆಗೆದುಕೊಂಡು ಬದಲಾಯಿಸಬೇಕು. ದಿನದ ಪಾಲನ್ನು 4 ಅಥವಾ 5 ಸಲ ಹಂಚಿ ಕೊಟ್ಟರೆ ಲಿವರ್‌ಗೆ ಒಂದೇ ಸಲ ಭಾರ ಬೀಳುವುದಿಲ್ಲ. ರಾತ್ರಿ ಮಲಗುವ ಮುಂಚೆ ಒಂದು ಪುಟ್ಟ ಊಟ ಇಡುವುದು ಒಳ್ಳೆಯದು, ತುಂಬಾ ಹೊತ್ತು ಖಾಲಿ ಹೊಟ್ಟೆಯಲ್ಲಿದ್ದರೆ ಮೈ ತನ್ನ ಮಾಂಸವನ್ನೇ ಕರಗಿಸಿಕೊಳ್ಳಲು ಶುರು ಮಾಡುತ್ತದೆ.

ನಾಯಿ ತಿನ್ನುತ್ತಿಲ್ಲ ಅಂದರೆ ರುಚಿ ಸರಿಯಿಲ್ಲ ಅಂತಲೇ ಅಲ್ಲ. ತಟ್ಟೆ ಹತ್ತಿರ ಬಂದು, ಮೂಸಿ, ತುಟಿ ನೆಕ್ಕಿಕೊಂಡು, ಜೊಲ್ಲು ಸುರಿಸಿ ಮುಖ ತಿರುಗಿಸಿದರೆ ಅದು ವಾಕರಿಕೆ. ಅದಕ್ಕೆ ಔಷಧಿ ಇದೆ, ಮರೋಪಿಟಂಟ್ ಅಂತ. ವಾಕರಿಕೆ ಇರುವಾಗ ಬಾಯಿಗೆ ತುರುಕಿದರೆ ನಾಯಿ ಆ ಊಟವನ್ನೇ ದ್ವೇಷಿಸಲು ಕಲಿಯುತ್ತದೆ, ಆಮೇಲೆ ವಾಸಿಯಾದರೂ ಮುಟ್ಟುವುದಿಲ್ಲ. ಹೊಸ ಆಹಾರವನ್ನು ನಾಯಿ ತೀರಾ ಸುಸ್ತಾಗಿರುವ ದಿನ ಶುರು ಮಾಡಬೇಡಿ. ಆ ದಿನ ಏನು ತಿನ್ನುತ್ತದೋ ಅದನ್ನು ತಿನ್ನಲಿ, ಹೊಟ್ಟೆಗೆ ಹೋಗುವುದು ಮುಖ್ಯ.

ಜೊತೆಗೆ ಕೊಡುವ ಮಾತ್ರೆಗಳ ವಿಷಯ ಎರಡು ಮಾತು. ಡೆನಾಮರಿನ್ ಅನ್ನುವುದು ಸ್ಯಾಮಿ (ಎಸ್-ಅಡೆನೋಸಿಲ್ ಮೆಥಿಯೋನಿನ್) ಮತ್ತು ಸಿಲಿಬಿನ್ ಎರಡೂ ಸೇರಿದ ಮಾತ್ರೆ, ಸಿಲಿಬಿನ್ ಮಿಲ್ಕ್ ಥಿಸಲ್ ಗಿಡದ್ದು. ಲಿವರ್ ಕೋಶಗಳನ್ನು ಕಾಪಾಡುವ ಗ್ಲುಟಾಥಯೋನ್ ತಯಾರಿಸಲು ಸ್ಯಾಮಿ ಸಹಾಯ ಮಾಡುತ್ತದೆ. ಚಿನ್ನಿಗೆ ಒಗ್ಗಿದೆ, ತೊಂದರೆ ಏನೂ ಕಾಣಲಿಲ್ಲ. ಆದರೆ ಹೊರಗೆ ಪದರ ಇರುವ ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಬಾರದು, ಊಟಕ್ಕೆ ಕನಿಷ್ಠ ಒಂದು ಗಂಟೆ ಮುಂಚೆ ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಊಟದಲ್ಲಿ ಅಡಗಿಸಿ ಕೊಟ್ಟರೆ ಪೂರ್ತಿ ಹೀರಿಕೊಳ್ಳುವುದಿಲ್ಲ. ಪೆನಿಸಿಲಮೈನ್ ಕೂಡ ಖಾಲಿ ಹೊಟ್ಟೆಗೇ. ಪಿತ್ತ ಸರಾಗವಾಗಿ ಹರಿಯಲು ಕೊಡುವ ಅರ್ಸೋಡಿಯಾಲ್ ಮಾತ್ರ ಊಟದ ಜೊತೆ. ಸತುವಿನ ಮಾತ್ರೆಯನ್ನು ಪೆನಿಸಿಲಮೈನ್ ಜೊತೆ ಒಟ್ಟಿಗೆ ಕೊಟ್ಟರೆ ಒಂದು ಇನ್ನೊಂದರ ಕೆಲಸ ಕೆಡಿಸುತ್ತದೆ. ಫ್ರಿಜ್ ಬಾಗಿಲಿಗೆ ಗಂಟೆಗಳ ಪಟ್ಟಿ ಅಂಟಿಸಿಕೊಳ್ಳದೆ ಇದನ್ನೆಲ್ಲ ನಿಭಾಯಿಸುವುದು ಕಷ್ಟ.

ಮನೆಯಲ್ಲೇ ಬೇಯಿಸಿ ಹಾಕಬಹುದಲ್ವಾ ಅಂತ ಕೇಳುವವರು ತುಂಬಾ ಜನ. ಹಾಕಬಹುದು, ಆದರೆ ಸಾಕುಪ್ರಾಣಿಗಳ ಪೌಷ್ಟಿಕತೆಯನ್ನೇ ಓದಿರುವ ಡಾಕ್ಟರ್ ಬರೆದುಕೊಟ್ಟ ಪ್ರಮಾಣದಲ್ಲಿ ಮಾತ್ರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 2013ರಲ್ಲಿ ನಾಯಿಗಳ ಮನೆ ಊಟದ 200 ರೆಸಿಪಿಗಳನ್ನು ಪರೀಕ್ಷಿಸಿದಾಗ 95% ರೆಸಿಪಿಗಳಲ್ಲಿ ಒಂದಾದರೂ ಪೋಷಕಾಂಶದ ಕೊರತೆ ಇತ್ತು. ಅವು ಆರೋಗ್ಯವಾಗಿರುವ ನಾಯಿಗಳಿಗೆ ಬರೆದ ರೆಸಿಪಿಗಳು. ಕಾಯಿಲೆಯ ನಾಯಿಗೆ ಅನ್ನ, ಕೋಳಿ ಬೇಯಿಸಿ ಹಾಕುತ್ತಾ ಹೋದರೆ ಸತು, ಕ್ಯಾಲ್ಸಿಯಂ ಎಲ್ಲಿಂದ ಬರಬೇಕು?

ಕೊನೆಗೆ ಒಂದು ದೂರು, ಯಾವ ಕಂಪನಿ ಅಂತ ಹೇಳುವುದಿಲ್ಲ. ತಾಮ್ರ ಕಮ್ಮಿ ಅಂತ ಚೀಲದ ಮೇಲೆ ಹಾಕಿಕೊಂಡಿದ್ದಾರೆ, ಎಷ್ಟು ಅಂತ ಅಂಕಿ ಎಲ್ಲೂ ಇಲ್ಲ. ಬರೆದು ಕೇಳಿದಾಗ ಮೊದಲು ಬಂದದ್ದು ಚೀಲದಲ್ಲಿದ್ದ ಮಾತೇ, ಮತ್ತೆ ಒತ್ತಾಯ ಮಾಡಿದ ಮೇಲೆ ಸರಿಯಾದ ಅಂಕಿ ಕೊಟ್ಟರು. ಇಂಥ ಆಹಾರದಲ್ಲಿ ಮುಖ್ಯವಾದ ಅಂಕಿಯೇ ಅದು. ನೀವು ಕೇಳುವಾಗ ಶೇಕಡಾ ಲೆಕ್ಕ ಬೇಡ, 1000 ಕಿಲೋ ಕ್ಯಾಲರಿಗೆ ಎಷ್ಟು ಮಿಲಿಗ್ರಾಂ ಅಂತ ಕೇಳಿ, ಆಗ ಒಣ ಕಾಳನ್ನೂ ಡಬ್ಬಿಯನ್ನೂ ಹೋಲಿಸಬಹುದು. ಹೊಟ್ಟೆಯಲ್ಲಿ ನೀರು ತುಂಬುತ್ತಿರುವ ನಾಯಿಯಾದರೆ ಸೋಡಿಯಂ ಎಷ್ಟು ಅಂತಲೂ ಅದೇ ಪತ್ರದಲ್ಲಿ ಕೇಳಿ.

ಚಿನ್ನಿಯ ಎಎಲ್‌ಟಿ ಈಗ ಮಿತಿಯೊಳಗಿದೆ, ಪೆನಿಸಿಲಮೈನ್ ನಿಂತಿದೆ, ಊಟ ಮಾತ್ರ ಇದೇ ಮುಂದುವರಿಯುತ್ತದೆ, ಜೀವನಪೂರ್ತಿ. ಮಾತ್ರೆ ನಿಲ್ಲಿಸಿದ ಮೇಲೆ ಎರಡನೇ ಸಲ ಬಯಾಪ್ಸಿ ಮಾಡಿಸಿ ತಾಮ್ರ ಅಳೆಸಿದವರು ಯಾರಾದರೂ ಇದ್ದರೆ ಅಂಕಿ ಎಷ್ಟು ಇಳಿದಿತ್ತು, ಆಗ ಯಾವ ಊಟ ಕೊಡುತ್ತಿದ್ದಿರಿ ಅಂತ ದಯವಿಟ್ಟು ಬರೆಯಿರಿ.